ಸಹಜ ಶಕ್ತಿಯಿಂದ ಪ್ರಾವೀಣ್ಯದತ್ತ

ಹುಟ್ಟಿನಿಂದ ಬಂದ ಶಕ್ತಿ ಹಾಗೂ ಸಾಧನೆಯಿಂದ ಪಡೆದ ಪ್ರಾವೀಣ್ಯ ಇವೆರಡೂ ಒಂದೇ ಅಲ್ಲ. ಕೆನಡಾದ ಮನೋವಿಜ್ಞಾನಿ ಫ್ರಾಂಸ್ವಾ ಗಾನ್ಯೆ ಅವರು 1985ರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು. ಸಹಜ ಶಕ್ತಿಯು ಬೀಜದಂತೆ. ಅದು ಪ್ರಾವೀಣ್ಯವಾಗಿ ವಿಕಾಸಗೊಳ್ಳಲು ದೀರ್ಘಕಾಲದ ಅಭ್ಯಾಸ, ದೃಢಸಂಕಲ್ಪ, ಮಾರ್ಗದರ್ಶನ ಹಾಗೂ ಅನುಕೂಲಕರ ಪರಿಸರ ಅಗತ್ಯ. ಪುಣೆಯನ್ನು ಕರ್ಮಭೂಮಿಯಾಗಿಸಿಕೊಂಡ ಕನ್ನಡಿಗ ಪಂಡಿತ ಭೀಮಸೇನ ಜೋಶಿ ಅವರ ಜೀವನ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಭೀಮಸೇನರು 1922ರ ಫೆಬ್ರವರಿ 4ರಂದು ಅಂದಿನ ಧಾರವಾಡ ಜಿಲ್ಲೆಯಲ್ಲಿ, ಶಾಲಾ ಉಪಾಧ್ಯಾಯರೊಬ್ಬರ ಮನೆಯಲ್ಲಿ ಜನಿಸಿದರು. ಬಾಲಕನಾಗಿದ್ದಾಗ ಅವರು ವಾದ್ಯಮೇಳಗಳ ಹಿಂದೆ ನಡೆದುಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದರು. ಕಂಡವರು ಮನೆಗೆ ತಲುಪಿಸಲೆಂದು ತಂದೆಯವರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದ್ದರು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮನಸೋತ ಬಾಲಕ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟನು.

ಗ್ವಾಲಿಯರ್ ಮೊದಲಾದೆಡೆ ಅಲೆದು ಜಲಂಧರ್ ತಲುಪಿದಾಗ, ಗಾಯಕ ವಿನಾಯಕರಾವ್ ಪಟವರ್ಧನರು ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯುವಂತೆ ಸಲಹೆ ನೀಡಿದರು. ಅಬ್ದುಲ್ ಕರೀಂ ಖಾನರ ಶಿಷ್ಯರೇ ಆಗಿದ್ದ ಸವಾಯಿ ಗಂಧರ್ವರು ನೆಲೆಸಿದ್ದುದು ಗದಗಕ್ಕೆ ಸಮೀಪದ ಕುಂದಗೋಳದಲ್ಲಿ! 1936ರಿಂದ ಭೀಮಸೇನರು ಗುರುಗೃಹದಲ್ಲಿದ್ದು, ನೀರು ಹೊರುವುದೇ ಮೊದಲಾದ ಸೇವೆ ಮಾಡುತ್ತ ಕಲಿತರು. ತೋಡಿ, ಮುಲ್ತಾನಿ, ಪೂರಿಯಾದಂತಹ ಕೆಲವೇ ರಾಗಗಳನ್ನು ವರ್ಷಗಟ್ಟಲೆ ಸಾಧನೆ ಮಾಡಿದರು. ಗಂಗೂಬಾಯಿ ಹಾನಗಲ್ಲರೂ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅದೇ ಗುರುಗಳಲ್ಲಿ ಕಲಿಯುತ್ತಿದ್ದರು.

1946ರಲ್ಲಿ ಪುಣೆಯಲ್ಲಿ ನಡೆದ ಗುರುಗಳ ಷಷ್ಟ್ಯಬ್ದಿ ಸಮಾರಂಭದ ಗಾಯನವು ಭೀಮಸೇನರಿಗೆ ಕೀರ್ತಿ ತಂದಿತು. ಮನೆ ಬಿಟ್ಟ ದಿನದಿಂದ ಆ ವೇಳೆಗೆ ಹದಿಮೂರು ವರ್ಷಗಳು ಸಂದಿದ್ದವು. ಗುರುಗಳ ಸ್ಮರಣೆಗಾಗಿ ಪುಣೆಯಲ್ಲಿ 1953ರಲ್ಲಿ ಆರಂಭವಾದ ಸಂಗೀತೋತ್ಸವವನ್ನು ಅವರು ದಶಕಗಳ ಕಾಲ ಬೆಳೆಸಿದರು. 2008ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ಪುಣೆಯಲ್ಲಿಯೇ ನಿಧನರಾದರು.

ಮನೆ ಬಿಟ್ಟು ಹೋಗುವುದು ಅನುಕರಣೀಯವಲ್ಲ. ಮಗುವಿನ ಒಲವನ್ನು ಹಿರಿಯರು ಸಕಾಲದಲ್ಲಿ ಗುರುತಿಸಿದರೆ ಅಂತಹ ಅಲೆದಾಟದ ಅಗತ್ಯವೇ ಇರುವುದಿಲ್ಲ. ಈ ಉದ್ದೇಶದಿಂದಲೇ ಪುಣೆಯಲ್ಲಿ ವಿ. ವಿ. ಪೆಂಡ್ಸೆ ಅವರು 1962ರಲ್ಲಿ ಜ್ಞಾನ ಪ್ರಬೋಧಿನಿ ಸಂಸ್ಥೆಯನ್ನು ಸ್ಥಾಪಿಸಿ, ಬುದ್ಧಿವಂತ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮುಂದಾದರು. ಮಗು ಯಾವುದರ ಹಿಂದೆ ತಾನಾಗಿಯೇ ಹೋಗುತ್ತದೆ ಎಂಬುದನ್ನು ಗಮನಿಸುವುದು, ತಕ್ಕ ಗುರುವನ್ನು ಹತ್ತಿರದಲ್ಲಿಯೇ ಹುಡುಕುವುದು, ಅವಸರದ ಫಲವನ್ನು ಬಯಸದೆ ಅಭ್ಯಾಸಕ್ಕೆ ಕಾಲಾವಕಾಶ ನೀಡುವುದು ಪೋಷಕರ ಹಾಗೂ ಶಿಕ್ಷಕರ ಕರ್ತವ್ಯವಾಗಿದೆ.