ಸಂಗ್ರಹದ ಹವ್ಯಾಸ, ಸಾಲದ ಸಹವಾಸ

ನಮ್ಮ ಹಿರಿಯರು ಮಕ್ಕಳಿಗೆ ಸಪ್ತವ್ಯಸನಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಜೂಜು, ಮದ್ಯ, ಕಳವು ಮೊದಲಾದವು ಮನೆಯನ್ನು ಹೇಗೆ ಹಾಳು ಮಾಡುತ್ತವೆ ಎಂಬುದು ನಮ್ಮ ಕುಟುಂಬಗಳಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಏಳರ ಪಟ್ಟಿಯಲ್ಲಿ ಇಲ್ಲದ, ನೋಡುವುದಕ್ಕೆ ಸಭ್ಯವಾಗಿರುವ ಒಂದು ಚಟ ಈಚೆಗೆ ನಮ್ಮ ವ್ಯಾಪಾರಿ ಮನೆಗಳಿಗೆ ಕಾಲಿಟ್ಟಿದೆ. ಅದೇ ಸಾಲ ಮಾಡಿ ಅಪರೂಪದ ವಸ್ತು ಕೂಡಿಡುವ ಚಟ. ಹಳೆಯ ನಾಣ್ಯ, ಅಂಚೆಚೀಟಿ, ಕೈಗಡಿಯಾರ, ಬಿದರಿ ಸಾಮಾನು, ಹಳೆಯ ನೋಟು, ಹೀಗೆ ಅದರ ರೂಪ ಹಲವು. ಕುಡಿಯುವವನನ್ನು ಮನೆಯವರು ತಡೆಯುತ್ತಾರೆ. ನಾಣ್ಯ ಕೂಡಿಡುವವನನ್ನು ನೆಂಟರಿಷ್ಟರು ಹೊಗಳುತ್ತಾರೆ. ಅಪಾಯ ಇರುವುದು ಇಲ್ಲಿಯೇ.

ಸಂಗ್ರಹವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿ ಇಂದಿಗೂ ಒಂದೆರಡು ಸಿಗುತ್ತವೆ. ಏಳು ಹಾಲಿ ರೂಪಾಯಿಗೆ ಆರು ಇಂಗ್ರೇಜಿ ರೂಪಾಯಿ ಎಂಬ ಲೆಕ್ಕ ನಮ್ಮ ತಂದೆಯವರ ತಲೆಮಾರಿಗೆ ಬಾಯಲ್ಲೇ ಇತ್ತು. 1959ರವರೆಗೂ ಆ ನಾಣ್ಯ ಚಲಾವಣೆಯಲ್ಲಿತ್ತು. ಅಂಥದ್ದನ್ನು ಜೋಪಾನ ಮಾಡಿ ಮೊಮ್ಮಕ್ಕಳಿಗೆ ತೋರಿಸುವುದು ಒಳ್ಳೆಯದೇ. ನಾವು ಎತ್ತುವ ಪ್ರಶ್ನೆ ಒಂದೇ: ಅದನ್ನು ಕೊಂಡ ಹಣ ಯಾರದು?

ವಿಕಾರಾಬಾದಿನ ಹೆಸರಿನ ಹಿಂದೆ

ಜಹೀರಾಬಾದ್ ಕಡೆಯವರು ರೈಲಿನಲ್ಲಿ ಹೈದರಾಬಾದಿಗೆ ಹೋಗುವಾಗ ವಿಕಾರಾಬಾದ್ ದಾಟಿಯೇ ಹೋಗಬೇಕು. ತಾಂಡೂರಿನವರಿಗಂತೂ 2016ರಿಂದ ಅದೇ ಜಿಲ್ಲಾ ಕೇಂದ್ರ. ಆ ಊರಿಗೆ ಹೆಸರು ಬಂದದ್ದು ಪೈಗಾ ಮನೆತನದ ನವಾಬ್ ವಿಕಾರ್-ಉಲ್-ಉಮ್ರಾ ಅವರಿಂದ. ಅವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಭಾವ. ಮುಂದೆ ಹೈದರಾಬಾದ್ ಸಂಸ್ಥಾನದ ದಿವಾನರೂ ಆದರು. ಶ್ರೀಮಂತಿಕೆಗೆ ಕೊರತೆಯೇ ಇರಲಿಲ್ಲ.

1884ರಲ್ಲಿ ಅವರು ಫಲಕ್‌ನುಮಾ ಅರಮನೆಗೆ ಅಸ್ತಿಭಾರ ಹಾಕಿದರು. ಕೆಲಸ ಸುಮಾರು ಒಂಬತ್ತು ವರ್ಷ ನಡೆಯಿತು. ಕಟ್ಟಡದೊಂದಿಗೆ ಸಾಮಾನಿನ ಸಂಗ್ರಹವೂ ಬೆಳೆಯಿತು. ಇಟಲಿಯ ಅಮೃತಶಿಲೆ, ವೆನಿಸ್ಸಿನ ಗಾಜಿನ ತೂಗುದೀಪ, ಯೂರೋಪಿನ ಪೀಠೋಪಕರಣ, ಹಸಿರುಕಲ್ಲಿನ ಕುಸುರಿ ಸಾಮಾನು, ಚಿತ್ರಪಟ, ಗ್ರಂಥಭಂಡಾರ, ನೂರೊಂದು ಜನ ಒಟ್ಟಿಗೆ ಕೂತು ಉಣ್ಣುವ ಮೇಜು, ಎಲ್ಲವೂ ಬಂದವು. ಒಟ್ಟು ಖರ್ಚು ಆ ಕಾಲದ ಸುಮಾರು 40 ಲಕ್ಷ ರೂಪಾಯಿ ಎಂದು ಹೇಳುತ್ತಾರೆ. ಜಾಗೀರಿನ ಉತ್ಪನ್ನ ಸಾಲದೆ ನವಾಬರು ಸಾಲಕ್ಕೆ ಸಿಕ್ಕಿದರು. ಕೊನೆಗೆ 1897ರ ಸುಮಾರಿಗೆ ಅರಮನೆ ನಿಜಾಮರ ವಶವಾಯಿತು, ನಿಜಾಮರು ಹಣ ಕೊಟ್ಟು ಉಳಿಸಿದರು. ವಿಕಾರ್-ಉಲ್-ಉಮ್ರಾ 1902ರಲ್ಲಿ ತೀರಿಕೊಂಡರು. ಈಗ ಅದು ದೊಡ್ಡ ಹೋಟೆಲು. ಒಂದು ಸಂಸ್ಥಾನದ ದಿವಾನನ ಆದಾಯಕ್ಕೇ ಹೊರಲಾಗದ ಸಾಲವನ್ನು ನಮ್ಮ ನಿಮ್ಮ ಅಂಗಡಿಯ ಗಲ್ಲೆ ಹೊತ್ತೀತೇ? ಅವರನ್ನು ಬಿಡಿಸಲು ನಿಜಾಮರಿದ್ದರು. ನಮ್ಮನ್ನು ಬಿಡಿಸುವವರು ಯಾರು?

ಮಾರಿದವನೂ ಮುಳುಗಿದ ಕಥೆ

ಅದೇ ನಿಜಾಮರ ಇನ್ನೊಂದು ಪ್ರಸಂಗ ವ್ಯಾಪಾರಸ್ಥರಾದ ನಾವು ಓದಲೇಬೇಕಾದದ್ದು. ಶಿಮ್ಲಾದಲ್ಲಿ ಅಲೆಕ್ಸಾಂಡರ್ ಮಾಲ್ಕಂ ಜೇಕಬ್ ಎಂಬ ರತ್ನವ್ಯಾಪಾರಿ ಇದ್ದ. 1891ರಲ್ಲಿ ಅವನು ಮಹಬೂಬ್ ಅಲಿ ಖಾನರಿಗೆ ಒಂದು ದೊಡ್ಡ ವಜ್ರ ಮಾರಲು ಬಂದ. ತೂಕ ಸುಮಾರು 184 ಮುಕ್ಕಾಲು ಕ್ಯಾರೆಟ್, ನಮ್ಮ ಲೆಕ್ಕದಲ್ಲಿ ಮೂರು ತೊಲಕ್ಕಿಂತ ತುಸು ಹೆಚ್ಚು. 46 ಲಕ್ಷಕ್ಕೆ ಮಾತಾಯಿತು. 23 ಲಕ್ಷ ಮುಂಗಡ ಬ್ಯಾಂಕಿನಲ್ಲಿ ಕಟ್ಟಲಾಯಿತು. ಇಷ್ಟು ದೊಡ್ಡ ಖರೀದಿ ಬ್ರಿಟಿಷ್ ರೆಸಿಡೆಂಟರಿಗೆ ಒಪ್ಪಿಗೆಯಾಗಲಿಲ್ಲ. ವಜ್ರ ಬಂದ ಮೇಲೆ ನಿಜಾಮರು ಬೇಡವೆಂದರು, ಮುಂಗಡ ವಾಪಸು ಕೇಳಿದರು. ಜೇಕಬನಾದರೋ ಆ ಹಣದಿಂದಲೇ ವಜ್ರ ತರಿಸಿದ್ದ. ಕಲ್ಕತ್ತಾ ಹೈಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು. ಅದೇ ವರ್ಷ ಅವನು ನಿರ್ದೋಷಿ ಎಂದು ತೀರ್ಪಾಯಿತು.

ಗೆದ್ದರೂ ಅವನು ಉಳಿಯಲಿಲ್ಲ. ವಕೀಲರ ಖರ್ಚು ಮೈಮೇಲೆ ಬಂತು, ಗಿರಾಕಿಗಳ ವಿಶ್ವಾಸ ಹೋಯಿತು. 1921ರಲ್ಲಿ ಮುಂಬಯಿಯಲ್ಲಿ ಬಡತನದಲ್ಲಿ ಸತ್ತ. ವಜ್ರ ಮಾತ್ರ ನಿಜಾಮರಲ್ಲೇ ಉಳಿಯಿತು. ತಂದೆಯ ಚಪ್ಪಲಿಯ ತುದಿಯಲ್ಲಿ ಅದು ಸಿಕ್ಕಿತೆಂದೂ, ಏಳನೆಯ ನಿಜಾಮರು ಅದನ್ನು ಕಾಗದ ಹಾರದಂತೆ ಮೇಲಿಡಲು ಬಳಸುತ್ತಿದ್ದರೆಂದೂ ಹೇಳುತ್ತಾರೆ. 1995ರಲ್ಲಿ ಭಾರತ ಸರ್ಕಾರ ನಿಜಾಮರ ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಾಗ ಈ ವಜ್ರವೂ ಅದರಲ್ಲಿತ್ತು. ಒಂದು ಕಲ್ಲಿನ ಆಸೆಯಿಂದ ಕೊಂಡವರಿಗೆ ಸುಖ ಸಿಗಲಿಲ್ಲ, ಮಾರಿದವನಿಗೆ ಅಂಗಡಿಯೇ ಉಳಿಯಲಿಲ್ಲ. ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಬಂಡವಾಳವೆಲ್ಲ ಒಂದೇ ಸರಕಿಗೆ ಹಾಕಬಾರದು ಎಂಬುದನ್ನು ಅಡತಿ ಅಂಗಡಿಯ ಹುಡುಗನೂ ಬಲ್ಲ. ಮೋಹ ಹಿಡಿದಾಗ ಬಲ್ಲವರೂ ಮರೆಯುತ್ತಾರೆ.

ಬಟ್ಟೆ ವ್ಯಾಪಾರಿಯ ಮಗ

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ರೋಗವಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಟ್ಟೆ ತಯಾರಿಸಿ ಧನವಂತನಾದವನ ಮಗ ಸರ್ ಥಾಮಸ್ ಫಿಲಿಪ್ಸ್. ಅವನ ಕಾಲ 1792ರಿಂದ 1872. ಜಗತ್ತಿನ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿ ತನ್ನಲ್ಲಿರಬೇಕೆಂದು ಹೊರಟ. ಸುಮಾರು 60 ಸಾವಿರ ಹಸ್ತಪ್ರತಿ ಕೂಡಿಸಿದ. ತಂದೆ ಬಿಟ್ಟುಹೋದ ಆದಾಯ ಸಾಲದಾಯಿತು. ಸಾಲಗಾರರಿಗೆ ಹೆದರಿ ಕೆಲಕಾಲ ದೇಶವನ್ನೇ ಬಿಟ್ಟಿದ್ದ. ಮನೆ ಪುಸ್ತಕದಿಂದ ತುಂಬಿ ಹೆಂಡತಿ ಮಕ್ಕಳಿಗೆ ಓಡಾಡಲು ಜಾಗವಿರಲಿಲ್ಲ. ಅವನು ಕೂಡಿಸಿದ್ದನ್ನು ಮಾರಿ ಮುಗಿಸಲು ಮುಂದಿನವರಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಹಾಲೆಂಡಿನ ಪ್ರಸಿದ್ಧ ಚಿತ್ರಕಾರ ರೆಂಬ್ರಾಂಟ್ ಕೂಡ ದೊಡ್ಡ ಮನೆಯ ಸಾಲದ ಮೇಲೆ ಚಿತ್ರ, ಶಿಲ್ಪ, ಅಪರೂಪದ ಸಾಮಾನು ಕೊಳ್ಳುತ್ತ ಹೋಗಿ 1656ರಲ್ಲಿ ದಿವಾಳಿಯಾದ. ಸಂಗ್ರಹವೂ ಮನೆಯೂ ಹರಾಜಾದವು.

ಸಾಲವಿಲ್ಲದೆ ಕೂಡಿಸಿದವರು

ಇದಕ್ಕೆ ಎದುರಾಗಿ ಇನ್ನೊಂದು ಬಗೆಯವರೂ ಇದ್ದಾರೆ. ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, 1914ರಲ್ಲಿ ದಿವಾನಗಿರಿ ಬಿಟ್ಟವರು ಮುಂದೆ ಮೂವತ್ತೈದು ವರ್ಷ ತಮ್ಮ ಜಾಗೀರಿನ ಉತ್ಪನ್ನದಿಂದ ಕಲಾವಸ್ತು ಕೊಂಡರು. ಮದುವೆಯಾಗಿರಲಿಲ್ಲ. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರ ಡಿಸೆಂಬರಿನಲ್ಲಿ ಪಂಡಿತ ನೆಹರೂ ಅವರು ಆ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು. ನಮ್ಮ ಮಕ್ಕಳು ಶಾಲೆಯ ಪ್ರವಾಸದಲ್ಲಿ ನೋಡಿಬರುವುದು ಅದನ್ನೇ.

ಜಾಗೀರುದಾರರ ಮಾತಾಯಿತು. ಸಾಮಾನ್ಯರ ಮಾತೇನು? ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ‘ಪುಸ್ತಕದ ಮನೆ’ ಕಟ್ಟಿದ್ದಾರೆ. ಮೊದಲು ಬಸ್ ಕಂಡಕ್ಟರ್, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರ. ಸಂಬಳದ ಬಹುಭಾಗವನ್ನು ಪುಸ್ತಕಕ್ಕೆ ಹಾಕಿದರು. ಮೈಸೂರಿನಲ್ಲಿದ್ದ ಸ್ವಂತ ಆಸ್ತಿಯನ್ನೂ ಮಾರಿದರು. ಲಕ್ಷಗಟ್ಟಲೆ ಪುಸ್ತಕ ಅಲ್ಲಿವೆ, ಓದುವವರಿಗೆ ಬಾಗಿಲು ತೆರೆದಿದೆ. ಅವರು ಖರ್ಚು ಮಾಡಿದ್ದು ತಮ್ಮ ದುಡಿಮೆ, ಮಾರಿದ್ದು ತಮ್ಮ ಆಸ್ತಿ. ಆಸ್ತಿ ಮಾರಿದವನು ಕಳೆದುಕೊಳ್ಳುವುದು ಕೈಯಲ್ಲಿದ್ದದ್ದನ್ನು. ಸಾಲ ಮಾಡಿದವನು ಕಳೆದುಕೊಳ್ಳುವುದು ಇನ್ನೂ ಗಳಿಸದೆ ಇರುವುದನ್ನು, ಅಂದರೆ ಮಕ್ಕಳ ಪಾಲನ್ನು.

‘ಖರ್ಚಲ್ಲ, ಬಂಡವಾಳ’

ನಮ್ಮ ಪರಿಚಯದ ಒಬ್ಬ ಯುವಕನ ಮಾತು ಇಲ್ಲಿ ಹೇಳಬೇಕು. ಹೆಸರು ಊರು ಬೇಡ. ತಂದೆಯ ಕಾಲದಿಂದ ಬಟ್ಟೆ ಅಂಗಡಿ, ಒಳ್ಳೆಯ ಹೆಸರು. ಮೊದಲು ಹಾಲಿ ಸಿಕ್ಕಾ ಕೂಡಿಸಿದ, ಆಮೇಲೆ ಹಳೆಯ ಎಚ್.ಎಂ.ಟಿ. ಕೈಗಡಿಯಾರ, ಆಮೇಲೆ ಪರದೇಶದ ಗಡಿಯಾರ. ನಾವು ಕೇಳಿದಾಗ, “ಕಾಕಾ, ಇದು ಖರ್ಚಲ್ಲರಿ, ಬಂಡವಾಳ ಅದ. ಮುಂದ ಎರಡು ಪಟ್ಟು ಆಗ್ತದ” ಎಂದ. ಅಂಗಡಿಯ ಉದ್ರಿ ಸರಕಿನ ಹಣ ಗಡಿಯಾರಕ್ಕೆ ಹೋಯಿತು. ಸರಕಿನ ಬಾಕಿ ತೀರಿಸಲು ಕೈಸಾಲ, ಅದನ್ನು ತೀರಿಸಲು ಕಾರ್ಡಿನ ಸಾಲ. ತಂಗಿಯ ನಿಶ್ಚಿತಾರ್ಥ ಹತ್ತಿರ ಬಂದಾಗ ತಾಯಿ ತಿಜೋರಿ ತೆಗೆದರು. ಪಾಟಲಿ ಇರಲಿಲ್ಲ, ಗಿರವಿಯ ಚೀಟಿ ಇತ್ತು. ಮದುವೆ ನಡೆಯಿತು, ಆದರೆ ತಂದೆ ಹೊಲ ಮಾರಬೇಕಾಯಿತು. ಆ ತಾಯಿ ನಮ್ಮ ಮನೆಯವರ ಮುಂದೆ ಹೇಳಿದ್ದು ಒಂದೇ ಮಾತು: “ಬಂಗಾರ ಹೋದದ್ದಕ್ಕ ಅಳೂದಿಲ್ಲ ಅಕ್ಕಾ, ಹೇಳದೆ ಒಯ್ದನಲ್ಲ, ಅದಕ್ಕ ಅಳ್ತೀನಿ.”

ಬಂಡವಾಳ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಒಂದು ಲಕ್ಷ ರೂಪಾಯಿಯ ವಸ್ತು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲ ಎಂದುಕೊಳ್ಳಿ. ಮೂರು ವರ್ಷಕ್ಕೆ ಸರಳ ಬಡ್ಡಿಯೇ 72 ಸಾವಿರ. ಅಸಲು ಬಡ್ಡಿ ಸೇರಿ 1 ಲಕ್ಷ 72 ಸಾವಿರ ಕೈಗೆ ಬಂದರೆ ಮಾತ್ರ ನಷ್ಟವಿಲ್ಲ. ಆದರೆ ನಾವು ಕೊಳ್ಳುವುದು ಚಿಲ್ಲರೆ ದರದಲ್ಲಿ, ಮಾರುವುದು ವ್ಯಾಪಾರಿ ಕೇಳುವ ದರದಲ್ಲಿ. ಅವನು ನೂರಕ್ಕೆ ಮೂವತ್ತು ತನ್ನ ಲಾಭಕ್ಕೆ ಇಟ್ಟುಕೊಂಡರೆ, ಆ ವಸ್ತುವಿನ ಪೇಟೆಯ ಬೆಲೆ ಸುಮಾರು 2 ಲಕ್ಷ 46 ಸಾವಿರಕ್ಕೆ ಏರಿರಬೇಕು. ಚಕ್ರಬಡ್ಡಿಯಾದರೆ ಇದೇ ಸಾಲ 35 ತಿಂಗಳಿಗೆ ಇಮ್ಮಡಿಯಾಗುತ್ತದೆ. ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ರೂಪಾಯಿ ಬಿದ್ದರೆ 21 ತಿಂಗಳು ಸಾಕು. ತೊಗರಿಯಲ್ಲಿ, ಬೆಲ್ಲದಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ವ್ಯತ್ಯಾಸಕ್ಕೆ ಗಂಟೆಗಟ್ಟಲೆ ಚೌಕಾಶಿ ಮಾಡುವ ನಾವು ಈ ಲೆಕ್ಕ ಬಿಡುವುದು ಹೇಗೆ?

ಸರಕಿನ ಸಾಲಕ್ಕೂ ಈ ಸಾಲಕ್ಕೂ ವ್ಯತ್ಯಾಸವಿದೆ. ಉದ್ರಿಯಲ್ಲಿ ತಂದ ಬಟ್ಟೆ ಹಬ್ಬಕ್ಕೆ ಮಾರಿಹೋಗುತ್ತದೆ, ಸಾಲ ತಾನೇ ತೀರುತ್ತದೆ. ಸಂಗ್ರಹದ ವಸ್ತು ಮಾರುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೇ ಕೊಂಡದ್ದು. ಅದು ಕಪಾಟಿನಲ್ಲಿ ಕೂತಿರುತ್ತದೆ, ಬಡ್ಡಿ ಹೊರಗೆ ಓಡುತ್ತಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಪೇಟೆಯಲ್ಲಿ ನಮ್ಮ ಪತ ಹೋಗುತ್ತದೆ. ಒಂದು ಹುಂಡಿ ತಪ್ಪಿದರೆ ಮೂರು ತಲೆಮಾರಿನ ಹೆಸರು ಒಂದು ವಾರದಲ್ಲಿ ಅಳಿಸುತ್ತದೆ.

ಕಾನೂನಿನ ಮಾತು

ಹಳೆಯ ಮೂರ್ತಿ, ಹಸ್ತಪ್ರತಿ ಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ ಮೊದಲಾದವು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತು ಎನಿಸುತ್ತವೆ. ಶಿಲ್ಪ, ಚಿತ್ರದಂತಹ ಕೆಲವನ್ನು ನೋಂದಾಯಿಸಬೇಕು. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನಮ್ಮ ಭಾಗದ ಹೊಲಗಳಲ್ಲಿ ಜಿನಬಿಂಬ ಸಿಕ್ಕಿತೆಂದು ಯಾರಾದರೂ ಗುಟ್ಟಾಗಿ ಮಾರಲು ಬಂದರೆ, ಭಕ್ತಿಯಿಂದಲಾದರೂ ಕೊಳ್ಳಬಾರದು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರಿಂದಲೇ ಕಾಯಿದೆ ಇದೆ. ವಸ್ತು ಜಪ್ತಾದರೆ ಹಣ ಹೋಯಿತು, ಸಾಲ ಮಾತ್ರ ಉಳಿಯಿತು.

ಪರಿಮಾಣದ ದಾರಿ

ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ ಇವುಗಳ ಜೊತೆಗೆ ಬಟ್ಟೆ ಪಾತ್ರೆಗಳಿಗೂ ಮಿತಿ ಹಾಕಿಕೊಳ್ಳಬೇಕೆಂದು ಹಿರಿಯರು ಹೇಳಿದ್ದಾರೆ. ಸಣ್ಣ ವಸ್ತುವನ್ನೂ ಏಕೆ ಎಣಿಸಿದರು? ಮೋಹಕ್ಕೆ ವಸ್ತುವಿನ ಗಾತ್ರ ಬೇಕಿಲ್ಲ. ಒಂದು ಅಂಚೆಚೀಟಿ ಸಾಕು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನೆನೆಯಿರಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿದಳು, ಒಂದನ್ನೂ ಕೂಡಿಡದೆ ಹಂಚಿದಳು. ಮೂಡುಬಿದಿರೆಯ ಬಸದಿಯಲ್ಲಿ ಧವಲ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಸಮಾಜದ ಕಾವಲಿನಲ್ಲಿ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಸಂಗ್ರಹದ ಆಸೆ ಇದ್ದವರು ವರ್ಷಕ್ಕೆ ಇಂತಿಷ್ಟು ಎಂದು ಉಳಿತಾಯದಿಂದ ತೆಗೆದಿಡಿ, ಅದು ಮುಗಿದರೆ ಮುಂದಿನ ವರ್ಷದವರೆಗೆ ಕಾಯಿರಿ. ಅಂಗಡಿಯ ಗಲ್ಲೆಗೂ ಹವ್ಯಾಸದ ಕೈಚೀಲಕ್ಕೂ ಸಂಬಂಧ ಬೇಡ. ಮನೆಯವರಿಗೆ ಹೇಳಲಾಗದ ಬೆಲೆಗೆ ಯಾವುದನ್ನೂ ಕೊಳ್ಳಬೇಡಿ. ಈಗಾಗಲೇ ಸಾಲ ಆಗಿದ್ದರೆ, ಹೊಸದನ್ನು ನಿಲ್ಲಿಸಿ, ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸಲು ಸಂಗ್ರಹದಲ್ಲಿ ಕೆಲವನ್ನು ಮಾರಿರಿ. ನಷ್ಟವಾದರೂ ಅದು ಒಂದೇ ಸಲದ ನಷ್ಟ, ಬಡ್ಡಿ ಪ್ರತಿ ತಿಂಗಳ ನಷ್ಟ. ಮನೆಯ ಹಿರಿಯರು ಕೂಡ ಬೈಯುವ ಮೊದಲು ಲೆಕ್ಕ ಕೇಳಿರಿ. ಬೈಗುಳಕ್ಕೆ ಹೆದರಿದ ಹುಡುಗ ಇನ್ನೊಂದು ಸಾಲಕ್ಕೆ ಹೋಗುತ್ತಾನೆ.

ದೀಪಾವಳಿಯಲ್ಲಿ ಮಹಾವೀರ ನಿರ್ವಾಣದ ಪೂಜೆ ಮುಗಿಸಿ ಹೊಸ ಖಾತೆ ಕೀರ್ದಿ ತೆಗೆಯುವ ಪದ್ಧತಿ ನಮ್ಮಲ್ಲಿದೆ. ಈ ಸಲ ಅದರಲ್ಲಿ ಹವ್ಯಾಸದ ಹೆಸರಿಗೂ ಒಂದು ಪುಟ ತೆಗೆಯಿರಿ. ಕೊಂಡ ದಿನ, ಕೊಟ್ಟ ಹಣ, ಆ ಹಣ ಬಂದ ದಾರಿ ಮೂರನ್ನೂ ಬರೆಯಿರಿ. ಮನೆಯವರೆಲ್ಲ ಓದಲಿ.