ನಿಮಗಿದು ಗೊತ್ತೆ?: ಕೂದಲಿಗೂ ಒಂದು ವ್ರತ
ದಿಗಂಬರ ಜೈನ ಮುನಿಗಳು ತಲೆಗೆ ಕತ್ತರಿ, ಕತ್ತಿ ಸೋಕಿಸುವುದಿಲ್ಲ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಯ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಇದೇ ಕೇಶಲೋಚನ, ಮುನಿಗಳ 28 ಮೂಲಗುಣಗಳಲ್ಲಿ ಒಂದು. ಬೆಳೆದ ಕೂದಲಲ್ಲಿ ಹೇನು ಹುಟ್ಟಿದರೆ ಅಹಿಂಸೆಗೆ ಭಂಗ. ಕತ್ತಿ ಇಟ್ಟುಕೊಂಡರೆ ಏನನ್ನೂ ತನ್ನದಾಗಿ ಇಟ್ಟುಕೊಳ್ಳದ ಅಪರಿಗ್ರಹಕ್ಕೆ ಭಂಗ. ಕೂದಲು ಕೀಳುವ ದಿನ ಅವರಿಗೆ ಉಪವಾಸ. ಅಷ್ಟು ನೋವನ್ನು ಮುಖ ಕಿವುಚದೆ ಸಹಿಸುವುದನ್ನು ನೋಡಿದವರ ಎದೆ ಕಲಕದೆ ಇರದು.

ಸಿಖ್ಖರದು ಇದಕ್ಕೆ ತೀರಾ ಬೇರೆಯ ದಾರಿ. ಅವರಿಗೆ ಕೂದಲು ದೇವರ ಕೊಡುಗೆ. ದೀಕ್ಷೆ ಪಡೆದು ಖಾಲ್ಸಾ ಎಂಬ ಸಿಖ್ ಸಮುದಾಯಕ್ಕೆ ಸೇರಿದವರು ಒಂದೆಳೆಯನ್ನೂ ಕತ್ತರಿಸುವಂತಿಲ್ಲ. ಕೇಶ, ಕಂಘಾ ಎಂಬ ಬಾಚಣಿಗೆ, ಕಡಗ, ಕೃಪಾಣ, ಕಚ್ಛೆರಾ ಎಂಬ ಒಳಚಡ್ಡಿ ಅವರ ಐದು ಲಾಂಛನಗಳು.

1699ರಲ್ಲಿ ಪಂಜಾಬಿನ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಸ್ಥಾಪಿಸಿದರು. ಅಂದು ಗುರು ತಲೆ ಕೇಳಿದಾಗ ಕೊಡಲು ಮುಂದೆ ಬಂದ ಐವರೇ 'ಪಂಜ್ ಪ್ಯಾರೆ', ಅಂದರೆ ಐವರು ಪ್ರಿಯರು. ಅವರಲ್ಲೊಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ಮನೆತನದವರು ಎನ್ನುತ್ತದೆ ಸಿಖ್ ಪರಂಪರೆ. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರಿದು. ಐವರಿಗೂ ದೀಕ್ಷೆ ಕೊಟ್ಟ ಗುರು, ಬಳಿಕ ಅವರ ಮುಂದೆ ಕೈಮುಗಿದು ನಿಂತು ಅವರಿಂದಲೇ ತಾವೂ ದೀಕ್ಷೆ ಪಡೆದರು.