ಸ್ಕಾಟ್ಲೆಂಡಿನ ಮನೆಭಟ್ಟಿಯೂ ಮಾಗಿದ ಮದ್ಯವೂ

ಸ್ಕಾಟ್ಲೆಂಡಿನ ವಿಸ್ಕಿಯ ಹಿರಿಮೆಯನ್ನು ಹೇಳುವವರು ಅದರ ಎರಡು ಗುಣಗಳನ್ನು ಎತ್ತಿ ತೋರುವರು: ಅದು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿದುದು, ಹಲವು ಭಟ್ಟಿಗಳ ಮದ್ಯವನ್ನು ಹದವರಿತು ಬೆರೆಸಿದುದು. ಇವೆರಡೂ ಆ ನಾಡಿನ ಪುರಾತನ ಸಂಪ್ರದಾಯಗಳೆಂಬ ಭಾವನೆ ಸಾಮಾನ್ಯವಾಗಿದೆ. ಸುಂಕದ ಕಾಯಿದೆಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದರೆ ಈ ಭಾವನೆ ಬಹುಮಟ್ಟಿಗೆ ಸಡಿಲುವುದು.

18ನೆಯ ಶತಮಾನದಲ್ಲಿ ಹೈಲೆಂಡ್ಸ್ ಪ್ರದೇಶದ ರೈತನು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುಳಿಯಿಸಿ, ಸಣ್ಣ ತಾಮ್ರದ ಹಂಡೆಯಲ್ಲಿ ಭಟ್ಟಿಯಿಳಿಸುತ್ತಿದ್ದನು. ಮಾರಾಟಕ್ಕಲ್ಲದೆ ಮನೆಯ ಬಳಕೆಗೆ ಹೀಗೆ ಇಳಿಸುವುದು ಅಪರಾಧವಾಗಿರಲಿಲ್ಲ. ಇಳಿದುದನ್ನು ಬಹುಪಾಲು ಹೊಸದಾಗಿಯೇ ಕುಡಿಯುತ್ತಿದ್ದರು. ಬೆರೆಸುವುದೆಂದರೆ ಅವರಿಗೆ ಜೇನು, ಮೂಲಿಕೆ, ಸಂಬಾರಗಳನ್ನು ಕೂಡಿಸುವುದೇ ಆಗಿತ್ತು.

1779ರಲ್ಲಿ ಮನೆಯ ಹಂಡೆಯ ಮಿತಿಯನ್ನು 10 ಗ್ಯಾಲನ್ನುಗಳಿಂದ 2ಕ್ಕೆ ಇಳಿಸಲಾಯಿತು. 1781ರಲ್ಲಿ ಮನೆಭಟ್ಟಿಯನ್ನೇ ನಿಷೇಧಿಸಲಾಯಿತು. ಹಂಡೆಗಳು ಆರಲಿಲ್ಲ, ಬೆಟ್ಟದ ಮರೆಯನ್ನು ಸೇರಿದವು. ಆದರೆ ಕದ್ದು ಇಳಿಸುವವನಿಗೆ ಮಾಗಿಸುವ ವ್ಯವಧಾನವೆಲ್ಲಿಯದು? ಪೀಪಾಯಿ ಮನೆಯಲ್ಲಿದ್ದಷ್ಟು ದಿನವೂ ಅದು ಅವನ ವಿರುದ್ಧ ಸಾಕ್ಷಿಯಾಗಿರುತ್ತಿತ್ತು.

ಮಾಗಿಸುವ ಗುಣ ಯಾರಿಗೂ ತಿಳಿದಿರಲಿಲ್ಲವೆಂದು ಇದರಿಂದ ಊಹಿಸಲಾಗದು. 1822ರಲ್ಲಿ ದೊರೆ 4ನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ, ಬಹುಕಾಲ ಮರದಲ್ಲಿಟ್ಟ ಗ್ಲೆನ್‌ಲಿವೆಟ್ ವಿಸ್ಕಿಯನ್ನು ತಮ್ಮ ಮನೆಯಿಂದ ಅವನಿಗೆ ಕಳುಹಿಸಿದುದಾಗಿ ಎಲಿಜಬೆತ್ ಗ್ರಾಂಟ್ ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾಳೆ. ಅದು ಕಳ್ಳಭಟ್ಟಿಯ ಮದ್ಯವೆಂಬುದನ್ನೂ ಅವಳು ಮರೆಮಾಚಿಲ್ಲ. ಅಂದರೆ, ಮಾಗಿಸುವುದು ನೆಲಮಾಳಿಗೆಯುಳ್ಳ ಸಿರಿವಂತರಿಗೆ ಸಾಧ್ಯವಿತ್ತು. ಇಳಿಸಿದ ಬಡವನಿಗೆ ಅಲ್ಲ.

1823ರ ಕಾಯಿದೆಯು ಈ ಸ್ಥಿತಿಯನ್ನು ಬದಲಿಸಿತು. 10 ಪೌಂಡು ತೆತ್ತು ಪರವಾನಗಿ ಪಡೆದವನು ಮದ್ಯವನ್ನು ಸರ್ಕಾರದ ನಿಗಾ ಇರುವ ಉಗ್ರಾಣದಲ್ಲಿಟ್ಟು, ಹೊರತೆಗೆಯುವಾಗ ಸುಂಕ ಕೊಡಬಹುದಾಯಿತು. ಪೀಪಾಯಿಯಲ್ಲಿ ಮರದ ಸತ್ವ ಕರಗಿ ಬಣ್ಣವೂ ಪರಿಮಳವೂ ಬರುವುವು. ಜೊತೆಗೆ ಅಲ್ಲಿನ ತಂಪಿನಲ್ಲಿಯೂ ವರ್ಷಕ್ಕೆ ಸುಮಾರು 2 ಶೇಕಡ ಆವಿಯಾಗಿ ಹೋಗುವುದು. ಮೊದಲೇ ಸುಂಕ ತೆತ್ತಿದ್ದರೆ ಈ ಕಾಯುವಿಕೆ ವ್ಯಾಪಾರಿಗೆ ಬಹು ದುಬಾರಿಯಾಗುತ್ತಿತ್ತು.

ಬೆರೆಸುವ ಕಲೆಯ ಕಥೆಯೂ ಇದಕ್ಕೆ ಸಮೀಪದ್ದೇ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ ಎಂಬವನು 1830ರಲ್ಲಿ ಎಡೆಬಿಡದೆ ಇಳಿಸುವ ಭಟ್ಟಿಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅದರಿಂದ ಸೌಮ್ಯವಾದ ಧಾನ್ಯಮದ್ಯ ಅಗ್ಗವಾಗಿ ದೊರೆಯತೊಡಗಿತು. ಸುಂಕ ತೆರುವುದಕ್ಕೆ ಮೊದಲೇ ಉಗ್ರಾಣದಲ್ಲಿ ಇದನ್ನು ಹಂಡೆಭಟ್ಟಿಯ ಮಾಲ್ಟ್ ಮದ್ಯದೊಡನೆ ಬೆರೆಸಲು 1860ರ ಕಾಯಿದೆ ಅವಕಾಶವಿತ್ತಿತು. ಎಡಿನ್‌ಬರೋದ ಆಂಡ್ರೂ ಅಷರ್ ಈ ಮಿಶ್ರಣದ ಮೊದಲಿಗರಲ್ಲೊಬ್ಬನು. ಮಾಗಿಸುವುದು ಕಡ್ಡಾಯವಾದುದಾದರೋ 1915ರಲ್ಲಿ, ಯುದ್ಧಕಾಲದಲ್ಲಿ: ಮೊದಲು 2 ವರ್ಷ, ಮರುವರ್ಷವೇ 3 ವರ್ಷ.

ಹೀಗೆ, ಸಂಪ್ರದಾಯವೆಂದು ಹೆಸರಾದುದರ ಬಹುಭಾಗವನ್ನು ರೂಪಿಸಿದ್ದು ಸುಂಕದ ಲೆಕ್ಕ. ಅದಕ್ಕೆ ಮೊದಲಿದ್ದ ಮನೆಭಟ್ಟಿಯವನು ತನ್ನ ಬರಹವನ್ನು ಬಿಟ್ಟುಹೋಗಲಿಲ್ಲ. ಅವನು ನಮಗೆ ಹೆಚ್ಚಾಗಿ ಕಾಣುವುದು ದಂಡ, ಜಪ್ತಿಗಳ ಕಡತಗಳಲ್ಲಿ, ಅಪರಾಧಿಯ ರೂಪದಲ್ಲಿ. ಆ ಕಡತಗಳನ್ನು ಓದುವಾಗ, ಅವುಗಳನ್ನು ಬರೆದವನು ಸುಂಕದವನೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಬಾರದು.